ಮಾವನ ಟೈಪಿಂಗ್ ಕ್ಲಾಸೂ ನಾಲ್ಕನೇ ನಂಬರಿನ ಮೆಶಿನೂ

ಹದಿನಾಲ್ಕರಿಂದ ಹದಿನೆಂಟರ ಒಳಗಿನ ಪ್ರಾಯದ ಮನುಷ್ಯರನ್ನು ಕಂಡರೆ ನನ್ನ ಸೋದರಮಾವನಿಗೆ ಆಗುತ್ತಿರಲಿಲ್ಲ. ಕೆಲವರಿಗೆ ಹಾವು ಕಂಡರೆ ಆಗುವುದಿಲ್ಲ, ಕೆಲವರಿಗೆ ಹಲಸಿನ ಹಣ್ಣಿನ ಪರಿಮಳ ಆಗುವುದಿಲ್ಲ. ನನ್ನ ಮಾವನಿಗೆ ಹೈಸ್ಕೂಲು ಮಕ್ಕಳು ಆಗುತ್ತಿರಲಿಲ್ಲ. ಇಂಥ ಮನುಷ್ಯ ಹೊಟ್ಟೆಪಾಡಿಗೆ ಏನು ಮಾಡಬೇಕು, ನೀವೇ ಹೇಳಿ? ಅಂಗಡಿ ಇಡಬಹುದಿತ್ತು. ಗದ್ದೆ ಮಾಡಿಸಬಹುದಿತ್ತು. ಬೊಂಬಾಯಿಗೆ ಹೋಗಿ ಹೋಟೆಲಿನ ಗಲ್ಲಾದಲ್ಲಿ ಕೂರಬಹುದಿತ್ತು. ಅವರು ಬಂಟ್ವಾಳ ಪೇಟೆಯಲ್ಲಿ, ಶಾಲೆ ಬಿಟ್ಟ ಮೇಲೆ ಹೈಸ್ಕೂಲು ಮಕ್ಕಳಿಗೆ ಟೈಪಿಂಗ್ ಕಲಿಸುವ ಇನ್‌ಸ್ಟಿಟ್ಯೂಟ್ ತೆರೆದರು!

"ಯಾಕೆ ಅಣ್ಣ ಈ ಉಪದ್ರ ನಿಮಗೆ?" ಎಂದು ನನ್ನ ಅಮ್ಮ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನಮ್ಮ ಮನೆಯಲ್ಲಿ ಬಹಳ ಕಾಲ ಚಾಲ್ತಿಯಲ್ಲಿತ್ತು. "ಸಣ್ಣ ಮಕ್ಕಳಿಗೆ ದೇವರ ಹೆದರಿಕೆ ಉಂಟು. ದೊಡ್ಡವರಿಗೆ ಪೊಲೀಸರ ಹೆದರಿಕೆ ಉಂಟು. ಈ ನಡುವಿನ ಪ್ರಾಣಿಗಳಿಗೆ ಯಾರ ಹೆದರಿಕೆಯೂ ಇಲ್ಲ. ಅದಕ್ಕೆ ನಾನು."

ಪೊಲೀಸರಿಗೂ ದೇವರಿಗೂ ನಡುವಿನ ಖಾಲಿ ಹುದ್ದೆಗೆ ತನ್ನನ್ನು ತಾನೇ ನೇಮಕ ಮಾಡಿಕೊಂಡ ಮನುಷ್ಯ! ಹೀಗೆ ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಪೇಟೆಯ ಬೆಲ್ಲದ ಅಂಗಡಿಯೊಂದರ ಮಾಳಿಗೆಯಲ್ಲಿ ಆರು ಟೈಪ್‌ರೈಟರುಗಳು, ಆರು ಸ್ಟೂಲುಗಳು, ಒಂದು ಗೋಡೆ ಗಡಿಯಾರ ಮತ್ತು ಒಬ್ಬರು ಮಾವ ಸ್ಥಾಪನೆಯಾದರು. ಕೆಳಗೆ ಬೆಲ್ಲ ಇದ್ದ ಕಾರಣ ಮೇಲೆ ಸದಾ ನೊಣ. ನೊಣ ಓಡಿಸಲಿಕ್ಕೆ ಕೈ ಎತ್ತಿದರೆ ಮಾವನ ಸ್ಕೇಲು ಮೇಜಿಗೆ ಬೀಳುತ್ತಿತ್ತು. "ಕೈ ಕೀ ಮೇಲೆ ಇರಬೇಕು. ನೊಣಕ್ಕೆ ಅದರ ಕೆಲಸ ಉಂಟು, ನಿಮಗೆ ನಿಮ್ಮದು."

ಶಾಲೆ ಬಿಡುವುದು ನಾಲ್ಕಕ್ಕೆ. ನಾಲ್ಕೂವರೆಗೆ ಮೊದಲ ಬ್ಯಾಚು. ಬೆಳಗ್ಗಿನಿಂದ ಮಾಸ್ಟ್ರುಗಳ ಬೈಗುಳ ತಿಂದು ಬಂದ ಮಕ್ಕಳು ಒಂದು ಲೋಟ ಚಾ ಕೂಡ ಕುಡಿಯದೆ ಮರದ ಮೆಟ್ಟಿಲು ಹತ್ತಿ ಮಾವನ ಬೈಗುಳಕ್ಕೆ ಹಾಜರಾಗಬೇಕು. ನಾನು ಹತ್ತನೆಯ ತರಗತಿ ಮುಗಿಸಿ ಸೇರಿದವಳು. ನನ್ನ ಬ್ಯಾಚಿನಲ್ಲಿ ಲೊರೆಟ್ಟೊ ಕಡೆಯಿಂದ ಬರುತ್ತಿದ್ದ ಫ್ಲಾವಿಯಾ, ಪಾಣೆಮಂಗಳೂರಿನ ವಸಂತ, ಮತ್ತೆ ಇಬ್ಬರು. ನಮಗೆಲ್ಲ ಬೇಕಾದದ್ದು ಒಂದೇ: ಜೂನಿಯರ್ ಟೈಪಿಂಗ್ ಸರ್ಟಿಫಿಕೇಟು. ಅದೊಂದು ಕೈಯಲ್ಲಿದ್ದರೆ ಎಲ್ಲಿಯಾದರೂ ಒಂದು ಕುರ್ಚಿ ಸಿಗುತ್ತದೆ ಎಂಬ ನಂಬಿಕೆ ಆಗಿನದ್ದು. ನನಗಂತೂ ಕುರ್ಚಿ ಎಲ್ಲಿ ಎಂಬುದೂ ಗೊತ್ತಿತ್ತು. ನೇತ್ರಾವತಿ ಬದಿಯ ಒಂದು ಹೆಂಚಿನ ಕಾರ್ಖಾನೆಯ ಮೆನೇಜರು ನನ್ನ ಅಪ್ಪನಿಗೆ, "ಮಗಳು ಟೈಪಿಂಗ್ ಪಾಸಾಗಲಿ, ನಮ್ಮ ಆಫೀಸಿಗೆ ಜನ ಬೇಕು" ಎಂದು ಬಾಯಿಬಿಟ್ಟು ಹೇಳಿದ್ದರು. ಇಲ್ಲದಿದ್ದರೆ ಮದುವೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಈ ಎರಡು ಬಿಟ್ಟು ಮೂರನೆಯ ಯೋಜನೆ ಇರಲಿಲ್ಲ.

ಮಾವನ ಮೊದಲ ಕಾನೂನು, ಅವರು ಒಳಗೆ ಬಂದ ಕೂಡಲೇ ಎಲ್ಲರೂ ಎದ್ದು ನಿಲ್ಲಬೇಕು. ಸರಿ, ಶಾಲೆಯಲ್ಲೂ ನಿಲ್ಲುತ್ತೇವೆ. ಆದರೆ ಶಾಲೆಯ ಮಾಸ್ಟ್ರು ಒಮ್ಮೆ ಬಂದರೆ ಪೀರಿಯಡ್ಡು ಮುಗಿಯುವ ತನಕ ಹೋಗುವುದಿಲ್ಲ. ನನ್ನ ಮಾವ ಹಾಗಲ್ಲ. ಎಲೆಯಡಿಕೆ ಉಗಿಯಲಿಕ್ಕೆ ಹೊರಗೆ ಹೋಗುವರು, ಬರುವರು. ಎದ್ದೆವು, ಕೂತೆವು. ಮಳೆ ಬಂತಾ ನೋಡಲಿಕ್ಕೆ ಹೋಗುವರು, ಬರುವರು. ಎದ್ದೆವು, ಕೂತೆವು. ಕೆಳಗೆ ಯಾರೋ ಕರೆದರು ಎಂದು ಹೋಗುವರು, ಯಾರೂ ಕರೆದಿಲ್ಲ ಎಂದು ಬರುವರು. ಎದ್ದೆವು! ಒಂದು ಗಂಟೆಯಲ್ಲಿ ಹನ್ನೊಂದು ಸಲ ಎದ್ದ ದಾಖಲೆ ನಮ್ಮ ಬ್ಯಾಚಿನದ್ದು. ತಿಂಗಳ ಕೊನೆಗೆ ಮಾವ ನಮ್ಮ ಸ್ಪೀಡು ನೋಡಿ ತಲೆ ಚಚ್ಚಿಕೊಂಡರು. "ನಿಮಿಷಕ್ಕೆ ಹದಿನೆಂಟು ಶಬ್ದ! ನಾಚಿಕೆ ಆಗುವುದಿಲ್ಲವಾ? ಇಡೀ ದಿನ ಎಂತ ಮಾಡ್ತೀರಿ ನೀವು?"

"ನಿಲ್ತೇವೆ ಸರ್" ಎಂದ ವಸಂತ.

ಆ ದಿನ ಅವನು ಕೊನೆಯವರೆಗೆ ನಿಂತೇ ಇದ್ದ.

ಎರಡನೆಯ ಕಾನೂನು ನನಗೊಬ್ಬಳಿಗೇ ವಿಶೇಷವಾಗಿ ಮಾಡಿದ್ದು. ಮಾಳಿಗೆಯಲ್ಲಿ ಅವರನ್ನು ನಾನು ಮಾವ ಎಂದು ಕರೆಯಬಾರದು. ಒಂದು ದಿನ ಬಾಯಿ ತಪ್ಪಿ, "ಮಾವ, ರಿಬ್ಬನ್ ಸಿಕ್ಕಿಕೊಂಡಿದೆ" ಎಂದೆ. ಮಾವ ತನ್ನ ಹಿಂದೆ ಯಾರೋ ನಿಂತಿದ್ದಾರೆ ಎಂಬ ಹಾಗೆ ತಿರುಗಿ ನೋಡಿದರು. ಬಲಕ್ಕೆ ನೋಡಿದರು. ಎಡಕ್ಕೆ ನೋಡಿದರು. "ಯಾರ ಮಾವ? ಇಲ್ಲಿ ಯಾರದ್ದೂ ಮಾವ ಇಲ್ಲ." ನಾಲ್ಕು ಜನ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ನನಗೆ ಕಿವಿ ಬಿಸಿಯಾಯಿತು. ಸೊಸೆ ಎಂದು ಸಲಿಗೆ ಕೊಟ್ಟರು ಎಂದು ನಾಳೆ ಯಾರೂ ಹೇಳಬಾರದಂತೆ. ಅದಕ್ಕೆ ಉಳಿದವರಿಗೆ ಒಂದು ತಪ್ಪಿಗೆ ಹತ್ತು ಸಾಲು ಹೊಡೆಯುವ ಶಿಕ್ಷೆಯಾದರೆ ನನಗೆ ಇಪ್ಪತ್ತು. ನ್ಯಾಯ ಅಂದರೆ ಇದು ಮಾರಾಯ್ರೆ, ಸ್ವಂತದವರನ್ನು ಡಬ್ಬಲ್ ಹಿಂಡುವುದು!

ನಾನೂ ಅದೇ ರಕ್ತ ಅಲ್ಲವೇ? ಆದಿತ್ಯವಾರ ಅವರು ಊಟಕ್ಕೆ ನಮ್ಮ ಮನೆಗೆ ಬಂದಾಗ ಬಾಗಿಲಲ್ಲೇ ಎದ್ದು ನಿಂತು, "ನಮಸ್ಕಾರ ಸರ್" ಎಂದೆ. ಎಲೆ ಹಾಕಿ, "ಸರ್, ಗಂಜಿಯಾ ಅನ್ನವಾ ಸರ್?" ಎಂದೆ. ಅಮ್ಮ ಹಿಂದಿನಿಂದ ಬಂದು ಮಂಡೆಗೆ ಒಂದು ಕುಟ್ಟಿದರು. "ಅಧಿಕಪ್ರಸಂಗ! ಮಾವನಿಗೆ ಹೀಗೆ ಹೇಳುವುದಾ?" ಮಾವ ತಲೆ ಎತ್ತದೆ ಸಾರು ಕಲಸಿಕೊಂಡರು. "ಅವಳಿಗೆ ಬೈಯಬೇಡ. ಕಲಿಸಿದ್ದು ತಲೆಗೆ ಹತ್ತಿದೆ." ನಾನು ಕುಟುಕಿದ್ದು ಅವರಿಗೆ ತಾಗಲೇ ಇಲ್ಲ ನೋಡಿ! ತಾಗುವ ಚರ್ಮವೇ ಅಲ್ಲ ಅದು.

ಇನ್ನು ವಸಂತನ ಬೆಲ್‌ಬಾಟಮ್ಮಿನ ಕಥೆ. ಅವನ ಅಣ್ಣ ದುಬಾಯಿಯಿಂದ ತಂದ ಬಟ್ಟೆಯಲ್ಲಿ ಮಂಗಳೂರಿನ ಟೈಲರು ಹೊಲಿದ ಪ್ಯಾಂಟು. ಕೆಳಗಿನ ಅಗಲ ನೋಡಿದರೆ ಎರಡು ಕೋಳಿ ಆರಾಮವಾಗಿ ಒಳಗೆ ಕೂರಬಹುದಿತ್ತು. ಮಾವ ಬಾಗಿಲಲ್ಲಿ ಸ್ಕೇಲು ಹಿಡಿದು ಕುಕ್ಕರಗಾಲಲ್ಲಿ ಕೂತು ಅಳೆದರು. "ಇಪ್ಪತ್ತಾರು ಇಂಚು. ಹದಿನೆಂಟಕ್ಕಿಂತ ಹೆಚ್ಚಿದ್ದರೆ ಪ್ರವೇಶ ಇಲ್ಲ."

"ಟೈಪ್ ಮಾಡುವುದು ಕೈಯಲ್ಲಿ ಅಲ್ಲವಾ ಸರ್?"

"ಎದುರುತ್ತರ ಕೊಡುವುದು ಬಾಯಲ್ಲಿ. ಮಡಚು."

ವಸಂತ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ, ನೇಜಿ ನೆಡಲಿಕ್ಕೆ ಗದ್ದೆಗೆ ಇಳಿಯುವವನ ಹಾಗೆ ಮೆಶಿನಿನ ಎದುರು ಕೂತ. ಹುಡುಗಿಯರು ಮೂವರಿದ್ದೆವು. ಅವನು ಒಂದು ಗಂಟೆ ಮುಖ ಎತ್ತಲಿಲ್ಲ. ನಗು ಬಂದದ್ದು ಹೌದು. ಆದರೆ ಹದಿನಾರು ವರ್ಷದ ಹುಡುಗನಿಗೆ ಹುಡುಗಿಯರ ಎದುರು ಹಾಗೆ ಕೂರಿಸಿದರೆ ಒಳಗೆ ಏನಾಗುತ್ತದೆ ಎಂದು ಮಾವನಿಗೆ ಯೋಚನೆಯೇ ಬರಲಿಲ್ಲವಾ? ಅವರು ಎಂದೂ ಹದಿನಾರರಲ್ಲಿ ಇರಲೇ ಇಲ್ಲವಾ?

ಸೇಡು ತೀರಿಸಿಕೊಳ್ಳುವ ಉಪಾಯ ವಸಂತನದ್ದೇ. "ಇವರಿಗೆ ಮರ್ಯಾದೆ ಬೇಕಲ್ಲ? ಕೊಡುವ. ಹೊಟ್ಟೆ ತುಂಬ ಕೊಡುವ." ಮರುದಿನದಿಂದ ಸುರುವಾಯಿತು. ಮಾವ ಪೇಟೆಯಲ್ಲಿ ಎಲ್ಲಿ ಕಂಡರೂ ನಾವು ನಿಂತಲ್ಲೇ ಅಟೆನ್ಶನ್! ಬಸ್ಸಿನಲ್ಲಿ ಮಾವ ಹತ್ತಿದರೆ ನಾಲ್ವರು ಒಟ್ಟಿಗೆ ಎದ್ದು, "ನಮಸ್ಕಾರ ಸರ್!" ಹೋಟೆಲಿನಲ್ಲಿ ಅವರು ಗೋಳಿಬಜೆಗೆ ಕೈ ಹಾಕುವಾಗ ಪಕ್ಕದ ಬೆಂಚಿನಿಂದ ಹುಡುಗರು ದಡಕ್ಕನೆ ಎದ್ದು ಕೈಮುಗಿದು ನಿಲ್ಲುವುದು, ಅವರು ತಿಂದು ಮುಗಿಸುವ ತನಕ ಕೂರದಿರುವುದು. ಚಾ ತಣ್ಣಗಾಯಿತು, ಹೋಟೆಲಿನವರು, "ಎಂತ, ಯಾರಾದರೂ ಮಂತ್ರಿ ಬಂದರಾ?" ಎಂದು ಅಡಿಗೆಕೋಣೆಯಿಂದ ಹೊರಗೆ ಬಂದು ನೋಡಿದರು. ಪೇಟೆಯೆಲ್ಲ ನಗುತ್ತಿತ್ತು.

ಮಾವನಿಗೆ ಮಾತ್ರ ಅರ್ಥವಾಗಲಿಲ್ಲ. ಆ ಆದಿತ್ಯವಾರ ಅಮ್ಮನಿಗೆ ಹೇಳುತ್ತಿದ್ದರು, "ಮಕ್ಕಳು ಸುಧಾರಿಸಿದ್ದಾರೆ. ಮೊನ್ನೆ ಹೋಟೆಲಿನಲ್ಲಿ ನೋಡಬೇಕಿತ್ತು ನೀನು. ಗದರಿಸಿದರೆ ಎಲ್ಲ ಸರಿಯಾಗ್ತದೆ." ಅವರ ಮುಖದಲ್ಲಿ ಅಂಥ ಸಂತೋಷ ನಾನು ನೋಡಿದ್ದು ಕಡಿಮೆ. ನನಗೆ ನಗುವೂ ಬರಲಿಲ್ಲ, ಪಾಪ ಎಂದೂ ಅನಿಸಲಿಲ್ಲ. ಮಜ್ಜಿಗೆ ಬಡಿಸಿ ಒಳಗೆ ಹೋದೆ.

ಈಗ ನಾಲ್ಕನೇ ನಂಬರಿನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ನಗಿಸಿದ್ದು ಇದನ್ನು ಹೇಳಲಿಕ್ಕೆ ಧೈರ್ಯ ಬರಲಿ ಎಂದು.

ಆರು ಮೆಶಿನುಗಳಲ್ಲಿ ಐದು ಮುದುಕರು. ಕೀ ಒತ್ತಿದರೆ ಕೆಮ್ಮಿಕೊಂಡು ಅಕ್ಷರ ಬರುವುದು. ನಾಲ್ಕನೆಯದ್ದು ಮಾತ್ರ ಹೊಸತು. ಅದರ ಮೇಲೆ ಸದಾ ಕಪ್ಪು ರೆಕ್ಸಿನ್ನಿನ ಹೊದಿಕೆ. ನಿಮಿಷಕ್ಕೆ ನಲವತ್ತು ಶಬ್ದ ಮುಟ್ಟಿದವರಿಗೆ ಮಾತ್ರ ಅದು. ನಾನು ಮೂವತ್ತಾರರಲ್ಲಿದ್ದೆ. "ಒಮ್ಮೆ ಅದರಲ್ಲಿ ಕೂರಲಾ ಸರ್?" ಎಂದು ಕೇಳಿದ್ದೆ ಕೂಡ. "ನಲವತ್ತು ಬರಲಿ. ಆಸೆ ಆಮೇಲೆ." ಎಲ್ಲರೂ ಕೇಳಿಸಿಕೊಂಡರು. ಆ ಮಾತು ನನಗೆ ಕುತ್ತಿಗೆಗೆ ಬಂತು.

ಮಳೆಗಾಲ ಸುರುವಾಗಿತ್ತು. ಶನಿವಾರ ಕೊನೆಯ ಬ್ಯಾಚಿನ ನಂತರ ಗುಡಿಸಿ, ಮೆಶಿನುಗಳಿಗೆ ಹೊದಿಕೆ ಹಾಕಿ, ಬೀಗ ಹಾಕಿ, ಬೀಗದ ಕೈಯನ್ನು ಮಾವನ ಮನೆಗೆ ಮುಟ್ಟಿಸುವುದು ನನ್ನ ಕೆಲಸ. ಸೊಸೆಯಲ್ಲವೇ, ಈ ವಿಷಯಕ್ಕೆ ಮಾತ್ರ ಸೊಸೆ! ಸೋಮವಾರ ಸಂಜೆ ಮಾವ ನಾಲ್ಕನೆಯ ಮೆಶಿನಿನ ಹೊದಿಕೆ ತೆಗೆದರು. ಕ್ಯಾರೇಜ್ ಎಳೆಯುವ ಪಟ್ಟಿ ತುಂಡಾಗಿ ನೇತಾಡುತ್ತಿತ್ತು. ರಬ್ಬರಿನ ರೋಲರು ಒಂದು ಬದಿ ಬಿರಿದಿತ್ತು.

ಮಾವ ಯಾರನ್ನೂ ಕೇಳಲಿಲ್ಲ. ಸೀದಾ ನನ್ನ ಎದುರು ಬಂದು ನಿಂತರು.

"ಶನಿವಾರ ಕೊನೆಗೆ ಇದ್ದದ್ದು ಯಾರು?"

"ನಾನು ಸರ್."

"ನಾಲ್ಕನೆಯದ್ದರಲ್ಲಿ ಕೂತಿದ್ದೆಯಾ?"

"ಇಲ್ಲ ಸರ್. ಮುಟ್ಟಲೇ ಇಲ್ಲ. ಹೊದಿಕೆ ಸರಿ ಮಾಡಿದೆ ಅಷ್ಟೇ."

"ಸುಳ್ಳು."

ಒಂದೇ ಶಬ್ದ. ಬೊಬ್ಬೆ ಹಾಕಲಿಲ್ಲ. ಹಾಕಿದ್ದರೆ ಒಳ್ಳೆಯದಿತ್ತು. ನಾಲ್ಕು ಜನ ಟೈಪು ನಿಲ್ಲಿಸಿ ನೋಡುತ್ತಿದ್ದರು. ನಾನು ಮತ್ತೊಮ್ಮೆ ಹೇಳಿದೆ, ದೇವರಾಣೆ ಹಾಕಿದೆ, ಅಮ್ಮನಾಣೆ ಹಾಕಿದೆ. ಆಣೆ ಹೆಚ್ಚಿದಷ್ಟೂ ಅವರ ಮುಖ ಕಲ್ಲಾಯಿತು. "ತಪ್ಪು ಮಾಡಿದ್ದೇನೆ ಅಂತ ಎಲ್ಲರ ಎದುರು ಒಪ್ಪಿಕೊಳ್ಳುವ ತನಕ ನಿನ್ನ ಪರೀಕ್ಷೆಯ ಫಾರ್ಮಿಗೆ ನನ್ನ ಸೈನ್ ಇಲ್ಲ."

ಫಾರ್ಮು ಕಳುಹಿಸಲಿಕ್ಕೆ ಒಂಬತ್ತು ದಿನ ಉಳಿದಿತ್ತು.

ಮನೆಯಲ್ಲಿ ಅಮ್ಮ ಸುರು ಮಾಡಿದರು. "ಒಮ್ಮೆ ತಪ್ಪಾಯ್ತು ಅಂತ ಹೇಳಿ ಬಿಡು ಮಾರಾಯ್ತಿ. ನಿನ್ನ ಗಂಟು ಹೋಗ್ತದಾ?" ನಾನು ಮಾಡಲಿಲ್ಲ ಎಂದರೆ, "ಮಾಡಿಲ್ಲ ಅಂತ ನನಗೂ ಗೊತ್ತುಂಟು. ಆದರೂ ಹೇಳು. ದೊಡ್ಡವರು ಅವರು." ಅಪ್ಪ ಪೇಪರಿನ ಹಿಂದಿನಿಂದ, "ಹೆಂಚಿನ ಕಾರ್ಖಾನೆಯವರು ಎಷ್ಟು ದಿನ ಕಾಯ್ತಾರೆ?" ಎಂದರು. ನೋಡಿ ಹೇಗೆ! ಮಾಡಿಲ್ಲ ಎಂದು ಗೊತ್ತಿದ್ದವರೂ ಒಪ್ಪಿಕೋ ಎನ್ನುತ್ತಾರೆ. ಮಕ್ಕಳ ಸತ್ಯಕ್ಕಿಂತ ದೊಡ್ಡವರ ಮರ್ಯಾದೆ ಉಳಿಸುವುದು ಮುಖ್ಯ. ನಾನು ಒಪ್ಪಲಿಲ್ಲ. ಒಂಬತ್ತು ದಿನ ದಿನಾ ಮಾಳಿಗೆಗೆ ಹೋದೆ, ಎರಡನೆಯ ಮೆಶಿನಿನಲ್ಲಿ ಕೂತೆ, ಫಾರ್ಮನ್ನು ಅವರ ಮೇಜಿನ ಮೇಲೆ ಇಟ್ಟೆ. ಬರುವಾಗ ಅದು ಅಲ್ಲೇ ಇರುತ್ತಿತ್ತು. ಹತ್ತನೆಯ ದಿನ ಫಾರ್ಮನ್ನು ತಂದು ಒಲೆಗೆ ಹಾಕಿದೆ.

ಅದಾಗಿ ಒಂದು ವಾರಕ್ಕೆ ಮಂಗಳೂರಿನಿಂದ ಮೆಕ್ಯಾನಿಕ್ ಬಂದರು. ಎರಡು ತಿಂಗಳಿಗೊಮ್ಮೆ ಬಂದು ಮೆಶಿನುಗಳಿಗೆ ಎಣ್ಣೆ ಬಿಟ್ಟು ಹೋಗುವ ಮುದುಕ. ಹಲ್ಲಿಲ್ಲ, ದಾಕ್ಷಿಣ್ಯವಂತೂ ಮೊದಲೇ ಇಲ್ಲ. ನಾಲ್ಕನೆಯ ಮೆಶಿನನ್ನು ತಿರುಗಿಸಿ ನೋಡಿದರು, ಪಟ್ಟಿಯ ತುಂಡನ್ನು ಬೆರಳಲ್ಲಿ ಉಜ್ಜಿದರು. ಅದು ಪುಡಿಯಾಯಿತು.

"ಇದು ಕಡಿದದ್ದಲ್ಲ ಮಾಸ್ಟ್ರೇ. ಬೆಂದದ್ದು."

"ಬೆಂದದ್ದಾ?"

ಮುದುಕ ಮೇಜಿನ ಹಿಂದೆ ಕೈ ಹಾಕಿ ಒಂದು ವಯರು ಎಳೆದರು. ತುದಿಯಲ್ಲಿ ಬಲ್ಬು. ಮಳೆಗಾಲದಲ್ಲಿ ನಮ್ಮ ಕಡೆ ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದಷ್ಟೇ? ಕಬ್ಬಿಣಕ್ಕೆ ತುಕ್ಕು. ಅದಕ್ಕೆ ಹೊಸ ಮೆಶಿನು ಬೆಚ್ಚಗಿರಲಿ ಎಂದು ಮಾವ ಪ್ರತೀ ಆದಿತ್ಯವಾರ ಬೆಳಗ್ಗೆ ಬಂದು, ಹೊದಿಕೆಯ ಒಳಗೆ ಒಂದು ಜೀರೋ ಬಲ್ಬು ಉರಿಸಿಟ್ಟು, ಸೋಮವಾರ ಬೆಳಗ್ಗೆ ಆರಿಸುತ್ತಿದ್ದರು. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಆ ವಾರ ಜೀರೋ ಬಲ್ಬು ಹಾಳಾಗಿತ್ತು. ಮಾವ ಮೆಟ್ಟಿಲಿನ ದೊಡ್ಡ ಬಲ್ಬನ್ನು ಕಳಚಿ ತಂದು ಹಾಕಿದ್ದರು.

ಮುದುಕ ಬಲ್ಬನ್ನು ಬೆಳಕಿಗೆ ಹಿಡಿದು ಓದಿದರು. "ನೂರು ವಾಟ್! ಯಾರು ಇಟ್ಟದ್ದು ಇದನ್ನು? ಕೋಳಿಮೊಟ್ಟೆ ಮರಿ ಮಾಡಲಿಕ್ಕಾ?"

ಯಾರೂ ನಗಲಿಲ್ಲ. ವಸಂತ ಕೂಡ. ಐದು ಜನರೂ ಮಾವನನ್ನು ನೋಡಿದೆವು. ಮಾವ ಗಡಿಯಾರ ನೋಡಿದರು. ಆಮೇಲೆ ಸ್ಕೇಲು ಎತ್ತಿ ಮೇಜಿಗೆ ಎರಡು ಬಡಿದರು. "ಯಾಕೆ ನಿಲ್ಲಿಸಿದ್ದು? ಹೊಸ ಪ್ಯಾಸೇಜು ಸುರು ಮಾಡಿ."

ಅಷ್ಟೇ!

ಪ್ಯಾಸೇಜು ಸುರು ಮಾಡಿದೆವು. ನಾನು ಕಾದೆ. ಆ ದಿನ ಕಾದೆ, ಮರುದಿನ ಕಾದೆ. ಎಲ್ಲರ ಎದುರು ಬೇಡ, ಮೆಟ್ಟಿಲಿನಲ್ಲಿ ಒಬ್ಬಳೇ ಸಿಕ್ಕಾಗ ಹೇಳಲಿ. ತಪ್ಪಾಯ್ತು ಎನ್ನುವುದೂ ಬೇಡ, "ಬಲ್ಬು ನಾನೇ ಇಟ್ಟದ್ದು ಮಾರಾಯ್ತಿ" ಎಂದರೂ ಸಾಕಿತ್ತು. ಒಂದು ಮಾತು! ನಮ್ಮನ್ನು ಗಂಟೆಗೆ ಹನ್ನೊಂದು ಸಲ ಏಳಿಸುವ ಮನುಷ್ಯನಿಗೆ ಒಂದು ಮಾತು ಎತ್ತಲಿಕ್ಕೆ ಆಗಲಿಲ್ಲ. ಅಷ್ಟರಲ್ಲಿ ಹೆಂಚಿನ ಕಾರ್ಖಾನೆಯವರು ಬೇರೆ ಹುಡುಗಿಯನ್ನು ಸೇರಿಸಿಕೊಂಡ ಸುದ್ದಿ ಬಂತು. ನಾನು ಮಾಳಿಗೆಗೆ ಹೋಗುವುದು ನಿಲ್ಲಿಸಿದೆ.

ಎರಡು ವಾರ ಬಿಟ್ಟು ಮಾವ ಮನೆಗೆ ಬಂದರು. ಚಾವಡಿಯಲ್ಲಿ ಕೂತು ಮಳೆಯ ಬಗ್ಗೆ ಮಾತಾಡಿದರು, ಉಳ್ಳಾಲದ ಮೀನಿನ ಬಗ್ಗೆ ಮಾತಾಡಿದರು. ಕೊನೆಗೆ ನನ್ನ ಕಡೆ ನೋಡದೆ, "ನಾಳೆಯಿಂದ ಬಾ. ಮುಂದಿನ ಪರೀಕ್ಷೆಗೆ ಆರು ತಿಂಗಳು ಉಂಟು" ಎಂದರು.

"ಮೆಶಿನು ಹಾಳು ಮಾಡಿದ್ದು ಯಾರು ಅಂತ ಒಮ್ಮೆ ಹೇಳಿ. ಬರ್ತೇನೆ" ಎಂದೆ.

ಒಳಗೆ ಅಮ್ಮನ ಕೈಯಿಂದ ಸೌಟು ಬಿತ್ತು. ನಮ್ಮ ಕುಟುಂಬದಲ್ಲಿ ಸೋದರಮಾವನಿಗೆ ಎದುರು ಮಾತಾಡಿದವರು ಇರಲಿಲ್ಲ. ಮಾವ ಎದ್ದು, ಕೊಡೆ ಬಿಡಿಸಿಕೊಂಡು ಹೋದರು. ಅಮ್ಮ ನನಗೆ ಎರಡು ದಿನ ಬೈದರು, ಮೂರನೆಯ ದಿನ ಅತ್ತರು. ಅಳುವ ಅಮ್ಮನ ಎದುರು ಯಾರ ಹಟ ನಿಲ್ಲುತ್ತದೆ? ಬಂಟ್ವಾಳದಲ್ಲಿ ಬೇರೆ ಟೈಪಿಂಗ್ ಕ್ಲಾಸೂ ಇರಲಿಲ್ಲ. ಬೆಳ್ತಂಗಡಿಯಲ್ಲಿ ಒಂದು ಇತ್ತು, ಹೋಗಿ ಬರಲಿಕ್ಕೆ ಬಸ್ಸಿನಲ್ಲೇ ಕತ್ತಲಾಗುತ್ತದೆ. ತಿರುಗಿ ಹೋದೆ. ಹೋದೆ, ಆದರೆ ಮಾತಾಡಲಿಲ್ಲ. ಅವರೂ ಮಾತಾಡಲಿಲ್ಲ. ನಮ್ಮಿಬ್ಬರ ನಡುವೆ ಸಿಕ್ಕಿದವಳು ಬಡಪಾಯಿ ಫ್ಲಾವಿಯಾ. ಅವಳು ಜೂನಿಯರ್ ಬರೆದು ಸೀನಿಯರ್ ಕಲಿಯುತ್ತಿದ್ದಳು.

"ಫ್ಲಾವಿಯಾ, ಎರಡನೇ ಮೆಶಿನಿನವರಿಗೆ ಬೆನ್ನು ನೇರ ಇಡಲಿಕ್ಕೆ ಹೇಳು."

"ಫ್ಲಾವಿಯಾ, ಬೆನ್ನು ನೇರ ಉಂಟು ಅಂತ ಹೇಳು."

"ಫ್ಲಾವಿಯಾ, ಎದುರುತ್ತರ ಬೇಡ ಅಂತ ಹೇಳು."

"ಎಂತ ಸಾವು ಮಾರ್ರೆ!" ಎಂದಳು ಫ್ಲಾವಿಯಾ ಒಂದು ದಿನ ಕೈ ಮೇಲೆತ್ತಿ. "ನಾನು ಟೈಪ್ ಕಲಿಯಲಿಕ್ಕೆ ಬಂದದ್ದಾ, ಟಪಾಲು ಹಂಚಲಿಕ್ಕಾ?"

ಐದು ತಿಂಗಳು ಹೀಗೇ ಹೋಯಿತು. ನನಗೆ ನಲವತ್ತೆರಡು ಬಂತು. ರಿಪೇರಿಯಾಗಿದ್ದ ನಾಲ್ಕನೆಯ ಮೆಶಿನಿನಲ್ಲಿ ಕೂರಬಹುದಿತ್ತು. ಕೂರಲಿಲ್ಲ. ಈ ಸಲ ಫಾರ್ಮಿಗೆ ಸೈನ್ ಆಗಿ, ನಾನು ಕೇಳುವ ಮೊದಲೇ ಟಪಾಲಿಗೂ ಹೋಗಿತ್ತು. ಅದಕ್ಕೆ ನಾನು ಕರಗಬೇಕಿತ್ತಾ? ಕರಗಲಿಲ್ಲ.

ಪರೀಕ್ಷೆ ಮೂಡುಬಿದಿರೆಯ ಒಂದು ಶಾಲೆಯಲ್ಲಿ. ಆಗಿನ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಪರೀಕ್ಷೆಗೆ ಹೋಗುವವರು ಟೈಪ್‌ರೈಟರನ್ನೂ ಹೊತ್ತುಕೊಂಡೇ ಹೋಗಬೇಕು! ಅಲ್ಲಿ ಮೇಜು ಮಾತ್ರ ಕೊಡುತ್ತಾರೆ. ಬೇರೆ ವರ್ಷ ಹುಡುಗರು ತಲೆಹೊರೆಯಲ್ಲಿ ಹೊತ್ತು ನಡೆದರೆ ಮಾವ ಕೈ ಬೀಸಿಕೊಂಡು ಮುಂದೆ ಹೋಗುತ್ತಿದ್ದರು. ಆ ಸಲ ಪರೀಕ್ಷೆ ಇದ್ದದ್ದು ನನ್ನೊಬ್ಬಳಿಗೆ, ಉಳಿದವರೆಲ್ಲ ಹಿಂದಿನ ಸಲವೇ ಬರೆದಾಗಿತ್ತು. ಬೆಳಗ್ಗೆ ಬಸ್‌ಸ್ಟಾಂಡಿಗೆ ಹೋದರೆ ಮಾವ ನಾಲ್ಕನೆಯ ಮೆಶಿನನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಕಟ್ಟಿಕೊಂಡು ನಿಂತಿದ್ದಾರೆ. ಇಸ್ತ್ರಿ ಹಾಕಿದ ಬಿಳಿ ಅಂಗಿ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು.

ಕಂಡಕ್ಟರ್, "ಅದಕ್ಕೆ ಒಂದು ಅರ್ಧ ಟಿಕೇಟು ತೆಗೀರಿ ಮಾಸ್ಟ್ರೇ" ಎಂದ.

"ಅದು ಕೂತಿಲ್ಲ. ನಾನು ಕೂತದ್ದು."

ಇಡೀ ಬಸ್ಸು ನಕ್ಕಿತು. ನಾನು ಕಿಟಕಿಯ ಹೊರಗೆ ನೋಡಿದೆ.

ಮೂಡುಬಿದಿರೆಯಲ್ಲಿ ಇಳಿದು ಶಾಲೆಯ ತನಕ ಅರ್ಧ ಮೈಲು ನಡೆಯಬೇಕು. ಮಾವ ಮೆಶಿನನ್ನು ಹೆಗಲಿಗೇರಿಸಿದರು. ಐವತ್ತು ದಾಟಿದ ಪ್ರಾಯ, ಹೊತ್ತು ಅಭ್ಯಾಸವಿಲ್ಲದ ಹೆಗಲು. ಬಸದಿಯ ಬೀದಿಯಲ್ಲಿ ಒಮ್ಮೆ ನಿಂತರು, ತಿರುವಿನಲ್ಲಿ ಒಮ್ಮೆ ನಿಂತರು. ಮೂರನೆಯ ಸಲ ನಿಂತಾಗ ನಾನು ಒಂದು ಬದಿ ಹಿಡಿಯಲಿಕ್ಕೆ ಕೈ ಚಾಚಿದೆ. "ನಿನ್ನ ಬೆರಳು ಬಚ್ಚುತ್ತದೆ, ಮತ್ತೆ ಓಡುವುದಿಲ್ಲ" ಎಂದರು. ಆರು ತಿಂಗಳ ನಂತರ ನೇರವಾಗಿ ನನಗೇ ಆಡಿದ ಮೊದಲ ಮಾತು. ನಾನು ಕೈ ಹಿಂದೆ ತೆಗೆದುಕೊಂಡೆ.

ಪರೀಕ್ಷೆಯ ಹಾಲಿನಲ್ಲಿ ಎಲ್ಲೆಲ್ಲಿನ ಇನ್‌ಸ್ಟಿಟ್ಯೂಟಿನವರೋ. ಮೂವತ್ತು ನಲವತ್ತು ಮೆಶಿನುಗಳು, ಅಷ್ಟೇ ಹೆದರಿದ ಮುಖಗಳು. ಮಾವ ನನ್ನ ಮೇಜಿನ ಮೇಲೆ ಮೆಶಿನು ಇಟ್ಟು, ಬೆವರು ಒರೆಸದೆ, ಒಂದೊಂದೇ ಕೀ ಒತ್ತಿ ನೋಡಿದರು. ಮೇಜು ಅಲುಗುತ್ತದೆಂದು ಕಾಗದ ಮಡಚಿ ಕಾಲಿಗೆ ಕೊಟ್ಟರು. ಸುಪರ್‌ವೈಸರು ಮೊದಲ ಗಂಟೆ ಬಾರಿಸಿದರು. ಬೇರೆ ಮಾಸ್ಟ್ರುಗಳೆಲ್ಲ ಹೊರಗೆ ಹೋದರು. ಮಾವ ಹೋಗಲಿಲ್ಲ. ರೋಲರಿಗೆ ಕಾಗದ ಸಿಕ್ಕಿಸುವ ನೆಪದಲ್ಲಿ ಬಗ್ಗಿದವರು, ನನ್ನ ಕಿವಿಗೆ ಮಾತ್ರ ಕೇಳುವ ಹಾಗೆ,

"ಬಲ್ಬು ಇಟ್ಟದ್ದು ನಾನು. ನನ್ನಿಂದ ತಪ್ಪಾಯ್ತು" ಎಂದರು.

"ಹೊರಗೆ ನಡೀರಿ ಮಾಸ್ಟ್ರೇ!" ಎಂದು ಸುಪರ್‌ವೈಸರು ಗದರಿಸಿದರು. ಎರಡನೆಯ ಗಂಟೆ ಹೊಡೆಯಿತು. ನಲವತ್ತು ಮೆಶಿನು ಒಮ್ಮೆಗೇ ಕುಟ್ಟಲು ಸುರು ಮಾಡಿದವು.

ಏನು ಹೇಳಲಿ ನಾನು! ಆರು ತಿಂಗಳು ಕಾದ ಮಾತು, ಅದನ್ನು ಹೇಳಲಿಕ್ಕೆ ಈ ಮನುಷ್ಯನಿಗೆ ಸಿಕ್ಕಿದ ಹೊತ್ತು ನೋಡಿ! ಸಿಟ್ಟು ಬಂತು, ಅಳು ಬಂತು, ಎರಡಕ್ಕೂ ಪುರುಸೊತ್ತಿಲ್ಲ. ಹಲ್ಲು ಕಚ್ಚಿ ಹೊಡೆದೆ. ನಾಲ್ಕನೆಯ ಮೆಶಿನು ಬೆಣ್ಣೆಯ ಹಾಗೆ ಓಡುತ್ತಿತ್ತು. ಅದೂ ನನ್ನ ಹೊಟ್ಟೆ ಉರಿಸಿತು.

ಪರೀಕ್ಷೆ ಮುಗಿಸಿ ಹೊರಗೆ ಬಂದರೆ ಬೇರೆ ಮಾಸ್ಟ್ರುಗಳು ಜಗಲಿಯಲ್ಲಿ ಕೂತು ಹರಟುತ್ತಿದ್ದಾರೆ, ನನ್ನ ಮಾವ ಅಂಗಳದ ನಡುವೆ ಬಿಸಿಲಲ್ಲಿ ನಿಂತಿದ್ದಾರೆ. ಹಾಲಿನ ಕಿಟಕಿಯಿಂದ ನನಗೆ ಕಾಣುವ ಜಾಗ ಅದೊಂದೇ ಎಂದು ಆಮೇಲೆ ಗೊತ್ತಾಯಿತು. ಮುಖ ಕೆಂಪಾಗಿತ್ತು, ಹೆಗಲಿನ ಹತ್ತಿರ ಅಂಗಿಗೆ ಮೆಶಿನಿನ ಎಣ್ಣೆ ಮೆತ್ತಿತ್ತು. ಪರೀಕ್ಷೆ ಹೇಗಾಯ್ತು ಎಂದು ಕೇಳುತ್ತಾರೆಂದು ಕಾದೆ. ಕೇಳಲಿಲ್ಲ.

"ನಾನು ಆಗ ಹೇಳಿದ್ದು..." ಎಂದು ನಿಲ್ಲಿಸಿದರು. "ಗಂಟೆ ಹೊಡೆಯಿತಲ್ಲ. ನಿನಗೆ ಕೇಳಿತಾ?"

ನಾನು ಅವರ ಮುಖ ನೋಡಿದೆ. "ಇಲ್ಲ" ಎಂದೆ.

ಸತ್ಯ ಹೇಳಿದಾಗ ಅಮ್ಮನಾಣೆ ಹಾಕಿದರೂ ನಂಬದ ಮನುಷ್ಯ ಈ ಹಸಿ ಸುಳ್ಳನ್ನು ಎಷ್ಟು ಬೇಗ ನಂಬಿದರು! ಹಣೆಯಲ್ಲಿ ಒಂದು ನಿಮಿಷ ಗಲಿಬಿಲಿ ಕಂಡಿತು. ಒಮ್ಮೆ ಹೇಳಲಿಕ್ಕೇ ಆರು ತಿಂಗಳು ಬೇಕಾಗಿತ್ತು ಅವರಿಗೆ. ಜಗಲಿಯ ಕಡೆ ನೋಡಿದರು. ಅಲ್ಲಿ ಊರೂರಿನ ಮಾಸ್ಟ್ರುಗಳು, ಮೆಟ್ಟಿಲು ತುಂಬ ನನ್ನ ಪ್ರಾಯದ ಹುಡುಗ ಹುಡುಗಿಯರು. ಆಮೇಲೆ ಮಾವ ಕಾಲು ಜೋಡಿಸಿ, ಎರಡು ಕೈಗಳನ್ನು ಬದಿಗೆ ಇಳಿಬಿಟ್ಟು, ನೆಟ್ಟಗೆ ನಿಂತರು.

"ಮೆಶಿನು ಹಾಳು ಮಾಡಿದ್ದು ನಾನು" ಎಂದರು, ಎಲ್ಲರಿಗೂ ಕೇಳುವ ಹಾಗೆ. "ನೀನು ಸತ್ಯ ಹೇಳಿದ್ದೆ. ನಾನು ನಂಬಲಿಲ್ಲ. ನಿನಗೆ ಸಿಗುವ ಕೆಲಸ ನನ್ನಿಂದ ಹೋಯ್ತು. ತಪ್ಪಾಯ್ತು ಮಗಾ."

ಜಗಲಿಯಲ್ಲಿ ಹರಟೆ ನಿಂತಿತು. ಎಲ್ಲರೂ ನೋಡುತ್ತಿದ್ದರು. ಮಾವ ಯಾರನ್ನೂ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಕಣ್ಣು ತುಂಬಿತ್ತು.

"ಈಗ ಕೇಳಿತಾ?"

ಹೌದೆಂದು ತಲೆ ಆಡಿಸಿದೆ. ಆರು ತಿಂಗಳು ಜೋಪಾನ ಮಾಡಿ ಇಟ್ಟುಕೊಂಡ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ಅವರ ಕೈ ಹಿಡಿದು, "ಬಿಸಿಲಲ್ಲಿ ನಿಂತದ್ದು ಸಾಕು. ಬನ್ನಿ, ಒಂದು ಸೋಡ ಕುಡಿಯುವ" ಎಂದೆ.

ಮಾವ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಮೊದಲ ಸಲವೇ ನನಗೆ ಸರಿಯಾಗಿ ಕೇಳಿಸಿತ್ತು ಎಂದು ಅವರಿಗೆ ನಾನು ಕೊನೆಗೂ ಹೇಳಲಿಲ್ಲ.